ಹೊಸದು ತೆರೆಯುವ ಮೊದಲೇ ಮುಚ್ಚಿದ ಹರಿವು

ಹೊಳೆಯೆಣಿಕೆಯ ನಲವತ್ತೊಂದನೆಯ ವರ್ಷ, ಹುಬ್ಬಾ ಮಳೆಯ ಎರಡನೆಯ ದಿನ. ನಿಮ್ಮ ಪಂಚಾಂಗದಲ್ಲಿ ಇದು 2304ನೆಯ ಇಸವಿ ಎಂದು ನನ್ನ ಜೊತೆ ಕೆಲಸ ಮಾಡುವ ರೇವಾ ಹೇಳುತ್ತಾಳೆ. ನನಗೆ ಆ ಲೆಕ್ಕ ಬರುವುದಿಲ್ಲ, ಅವಳಿಗೆ ಬರುತ್ತದೆ. ಅವಳಿಗೆ ಬಾರದ್ದು ಕಡಿಮೆ.

ಹಿಂದಿನ ಕಾಲದ ಹಿರಿಯರೆ, ನನ್ನ ಮಾತುಗಳು ನಿಮ್ಮ ಕಿವಿಗೆ ಒಡ್ಡೊಡ್ಡಾಗಿ ಬಿದ್ದರೆ ಮನ್ನಿಸಬೇಕು. ಈ ಕಾಗದ ಹಿಂದಕ್ಕೆ ಹೋಗಿ ನಿಮ್ಮನ್ನು ಮುಟ್ಟುವ ದಾರಿ ನನಗೆ ತಿಳಿಯದು. ಆದರೂ ನಿಮಗೇ ಬರೆಯಬೇಕು, ಏಕೆಂದರೆ ನಾನು ಕೆಲಸ ಮಾಡುವ ಭಾಷೆ ನಿಮ್ಮದು: ಕಂಪ್ಯೂಟರಿಗೆ ಆಜ್ಞೆ ಬರೆಯುವ, ಒಂದೇ ಅಕ್ಷರದ ಹೆಸರಿನ ಆ ಸಿ ಭಾಷೆ. ನನ್ನ ಹೆಸರು ದಾನಮ್ಮ. ಕೃಷ್ಣೆ ತನ್ನ ಪಾತ್ರ ಬದಲಿಸಿದ ವರ್ಷದಿಂದ ನಾವು ವರ್ಷಗಳನ್ನು ಎಣಿಸುತ್ತೇವೆ. ಅದರ ದಂಡೆಯ ಹರಿವುಮನೆಯಲ್ಲಿ ನಾನಿದ್ದೇನೆ. ಮೇಲಿನ ಅಣೆಕಟ್ಟುಗಳಿಂದ ನೀರಿನ ಮಟ್ಟದ ಸುದ್ದಿ ಹಗಲಿರುಳು ಬರುತ್ತಲೇ ಇರುತ್ತದೆ. ನೀವು ಸ್ಟ್ರೀಮ್ ಎನ್ನುವುದನ್ನು ನಾವು ಹರಿವು ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಬರೆದ ಪ್ರೋಗ್ರಾಮು ಆ ಸುದ್ದಿಯನ್ನು ಒಂದು ಫೈಲಿಗೆ ಬರೆಯುತ್ತದೆ. ದಂಡೆಗುಂಟ ನೆಟ್ಟ ಕೂಗುಕಂಬಗಳು ಆ ಫೈಲನ್ನು ಓದಿ, ನೀರು ಗೆರೆ ಮೀರಿದಾಗ ಊರಿಗೆಲ್ಲ ಕೇಳುವಂತೆ ಕೂಗುತ್ತವೆ. ಕಂಬ ಕೂಗಿತೆಂದರೆ ಹೆಂಗಸರು ತವೆಯ ಮೇಲಿನ ರೊಟ್ಟಿಯನ್ನೂ ಬಿಟ್ಟು ದಿನ್ನೆ ಏರುತ್ತಾರೆ. ಕೂಗಲಿಲ್ಲವೆಂದರೆ ಯಾರೂ ಹೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅಷ್ಟು ನಂಬಿಕೆ.

ಪ್ರತಿವರ್ಷ ಮಘಾ ಮಳೆಯ ಮೊದಲ ದಿನ ಹಳೆಯ ಫೈಲನ್ನು ಮುಚ್ಚಿ, ಅದೇ ಹರಿವನ್ನು ಹೊಸ ಫೈಲಿಗೆ ತಿರುಗಿಸುತ್ತೇವೆ. ಇದಕ್ಕೆ ಮರುತೆರವು ಎಂದು ಹೆಸರು. ಹತ್ತೊಂಬತ್ತು ವರ್ಷ ಅದನ್ನು ನಾನೇ ಮಾಡಿದೆ. ನಿಮ್ಮವರು ಕೊಟ್ಟ ಒಂದೇ ಆಜ್ಞೆ ಸಾಕು. ಹಳೆಯದನ್ನು ಮುಚ್ಚುವುದೂ ಹೊಸದನ್ನು ತೆರೆಯುವುದೂ ಅದೇ. ಆಮೇಲೆ ರೇವಾ ಬಂದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಮಾತು ಕಡಿಮೆ. ಬಂದ ತಿಂಗಳೊಳಗೆ ನನ್ನ ಸಾಲಿನ ಮೇಲೆ ಬೆರಳಿಟ್ಟಳು. “ಅಕ್ಕಾರ, ಇದು ಹಳೇದನ್ನ ಮೊದಲ ಮುಚ್ಚಿಬಿಡ್ತೈತ್ರಿ. ಹೊಸಾದು ತೆರೀಲಿಲ್ಲಂದ್ರ ಹಳೇದೂ ಇಲ್ಲ, ಹೊಸಾದೂ ಇಲ್ಲ. ಪ್ರೋಗ್ರಾಮು ಬರಕೋಂತನ ಇರ್ತೈತಿ, ಆದ್ರ ಬರದದ್ದು ಎಲ್ಲಿಗೂ ಹೋಗೂದಿಲ್ಲ.” ಅವಳು ಕೆಲವೇ ಸಾಲು ಸೇರಿಸಿದಳು: ಹೊಸ ಫೈಲನ್ನು ಮೊದಲು ಬೇರೆಯಾಗಿ ತೆರೆದು ನೋಡುವುದು, ತೆರೆಯದಿದ್ದರೆ ಗಂಟೆ ಬಾರಿಸಿ ಹಳೆಯದರಲ್ಲೇ ಮುಂದುವರಿಯುವುದು, ತೆರೆದರೆ ಮಾತ್ರ ಹರಿವನ್ನು ಅತ್ತ ತಿರುಗಿಸುವುದು.

ಸರಿಯಾಗಿತ್ತು. ಓದಿದ ಕೂಡಲೇ ನನಗದು ಗೊತ್ತಾಯಿತು, ಹೊಟ್ಟೆ ಉರಿದದ್ದೂ ಅದಕ್ಕೇ. ನಮ್ಮ ಮೇಲಿದ್ದ ಕಲ್ಮೇಶ ಮಾಸ್ತರರು ಎಲ್ಲರೆದುರು ನಕ್ಕರು: “ದಾನಮ್ಮಾ, ಹತ್ತೊಂಬತ್ತ ವರ್ಷ ನಿನ್ನ ಕಣ್ಣಿಗೆ ಬೀಳದ್ದು ಈಕಿಗೆ ಹತ್ತೊಂಬತ್ತ ದಿನದಾಗ ಬಿತ್ತ ನೋಡು!” ಅವರಿಗದು ಚೇಷ್ಟೆ. ನನಗೆ ಅಂದಿನಿಂದ ಅವಳ ಬುತ್ತಿಯ ಶೇಂಗಾ ಚಟ್ನಿಯ ವಾಸನೆಯೂ ಸೇರದಾಯಿತು. ಅವಳು ಕೂತು ಓದುವ ರೀತಿ, ಓದುವಾಗ ತುಟಿ ಅಲ್ಲಾಡದಿರುವುದು, ಎಲ್ಲವೂ ನನ್ನನ್ನು ಆಡಿಕೊಂಡಂತೆ ಕಾಣುತ್ತಿತ್ತು.

ರೇವಾ ಬಂದ ವರ್ಷವೇ, ಅಂದರೆ ಮೂರು ವರ್ಷದ ಹಿಂದೆ, ಮಾಸ್ತರರು ನಿವೃತ್ತರಾದರು. ಆ ವರ್ಷ ಮಘಾ ಹುಟ್ಟುವ ಹಿಂದಿನ ಮಧ್ಯಾಹ್ನ, ರೇವಾ ಊಟಕ್ಕೆ ಹೋಗಿದ್ದಾಗ, ಅವಳ ಸಾಲುಗಳನ್ನು ಅಳಿಸಿ ನನ್ನ ಒಂದೇ ಸಾಲನ್ನು ಮತ್ತೆ ಬರೆದೆ. ಹತ್ತೊಂಬತ್ತು ವರ್ಷ ನಡೆದದ್ದು ಇಪ್ಪತ್ತನೆಯದೂ ನಡೆಯುತ್ತದೆ ಎಂದುಕೊಂಡೆ. ಹೊಸ ಫೈಲು ಕೂರಬೇಕಾದ ಫೋಲ್ಡರನ್ನು ಪ್ರತಿವರ್ಷ ಮಾಸ್ತರರೇ ಸದ್ದಿಲ್ಲದೆ ಮಾಡಿಡುತ್ತಿದ್ದರೆಂಬುದು ನನಗೆ ತಿಳಿದಿರಲಿಲ್ಲ. ಈ ಸಲ ಮಾಡುವವರಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಮರುತೆರವು ಮಾಡಿದೆ. ಹಳೆಯದು ಮುಚ್ಚಿತು, ಹೊಸದು ತೆರೆಯಲಿಲ್ಲ. ಪರದೆಯ ಮೇಲೆ ಒಂದು ತಪ್ಪೂ ಕಾಣಲಿಲ್ಲ. ಕಾಣಿಸುವ ಸಾಲುಗಳನ್ನೇ ನಾನು ಅಳಿಸಿದ್ದೆನಲ್ಲ. ಸಮಾಧಾನದಿಂದ ಚಹಾ ಕುಡಿದೆ.

ಒಂಬತ್ತೂವರೆಗೆ ರೇವಾ ಫೈಲು ಹುಡುಕಿದಳು. ಇರಲಿಲ್ಲ. ಅಷ್ಟರಲ್ಲಿ ಮೇಲಿನ ಅಣೆಕಟ್ಟು ಬಾಗಿಲು ತೆರೆದು ಒಂದು ಗಂಟೆಯಾಗಿತ್ತು. ಅವಳು ನನ್ನನ್ನು ಒಂದು ಮಾತೂ ಕೇಳದೆ ದಂಡೆಗುಂಟ ಓಡಿದಳು, ಒಂದೊಂದೇ ಕಂಬವನ್ನು ಕೈಯಿಂದ ಕೂಗಿಸುತ್ತ. ಮೂರು ಊರಿನ ಜನ ದಿನ್ನೆ ಏರಿದರು. ನಾಲ್ಕನೆಯ ಕಂಬದ ಬಳಿ ಬುಟ್ಟಿ ಹೆಣೆಯುವ ಯಲಗೂರಪ್ಪ ಬಿದಿರು ನೆನೆಹಾಕುತ್ತ ನೀರಂಚಿನಲ್ಲಿ ಕೂತಿದ್ದ. ಅವಳು ಮುಟ್ಟುವಷ್ಟರಲ್ಲಿ ನೀರು ಮುಟ್ಟಿತ್ತು. ಅವನ ಹೆಂಡತಿ ನನ್ನೆದುರು ಹೇಳಿದ ಮಾತು ಇಷ್ಟೇ: “ಕಂಬ ಕೂಗಲಿಲ್ಲಲ್ರೀ, ಅದಕ್ಕ ಆರಾಮ ಕುಂತಿದ್ರು.”

ಹೊಳೆಸಭೆಯವರು ವಿಚಾರಣೆ ಮಾಡಿದರು. ಆ ಸಾಲು ಯಾರದೆಂದು ಕೇಳಿದರು. ರೇವಾ ಎದ್ದು, “ಇಬ್ಬರೂ ಕೂಡಿ ಬರದೀವ್ರಿ” ಎಂದಳು. ಇಬ್ಬರ ಮೇಲೂ ತಪ್ಪು ಹೊರಿಸಿ, ಕೆಲಸದಲ್ಲೇ ಉಳಿಸಿದರು. ನನಗೆ ಬದುಕಿದೆ ಅನ್ನಿಸಬೇಕಿತ್ತು. ಅನ್ನಿಸಿದ್ದೇ ಬೇರೆ: ಒಳ್ಳೆಯತನದಲ್ಲೂ ಇವಳೇ ಮುಂದೆ ಹೋದಳಲ್ಲ!

ಮೂರು ವರ್ಷ ಅದನ್ನೇ ನುಂಗಿಕೊಂಡು ಅವಳ ಪಕ್ಕದಲ್ಲಿ ಕೂತೆ. ಎರಡು ವಾರದ ಹಿಂದೆ, ಈ ವರ್ಷದ ಮರುತೆರವು ಮುಗಿದ ಮೇಲೆ, ಅವಳ ಸಾಲುಗಳನ್ನು ಅಳಿಸಿದ್ದು ನಾನೇ ಎಂದು ಹೇಳಿಬಿಟ್ಟೆ. ಅವಳು ಪರದೆಯಿಂದ ಮುಖ ತಿರುಗಿಸಲಿಲ್ಲ.

“ಗೊತ್ತೈತ್ರಿ. ಯಾರ ಅಳಿಸಿದ್ರು ಅನ್ನೂದೂ ದಾಖಲಾಗಿರ್ತೈತಿ. ಅವತ್ತ ನೋಡೀನಿ.”

“ಮತ್ತ ನನ್ನ ಯಾಕ ಕಾಯ್ದಿ?”

“ನಿಮ್ಮನ್ನ ಕಾಯಲಿಲ್ರಿ. ಯಲಗೂರಪ್ಪನ ಸಾವಿಗೆ ನಾ ಕ್ಷಮಾ ಮಾಡಾಕಿ ಅಲ್ಲ. ಆದ್ರ ಈ ಭಾಷಾ ಓದಾಕ ಬರೂದು ಈ ಹೊಳಿ ದಂಡಿಗೆ ನಮಗ ಇಬ್ಬರಿಗಷ್ಟ. ನಿಮ್ಮನ್ನ ಹೊರಗ ಹಾಕಿದ್ರ, ನಾ ತಪ್ಪ ಬರದಾಗ ನೋಡಾವರು ಯಾರು?”

ಹಿರಿಯರೆ, ಆಗಲೂ ಮೊದಲು ಹೊಳೆದದ್ದು, ಇಂಥ ಮಾತು ನನಗೇಕೆ ಬರಲಿಲ್ಲ ಎಂದೇ. ಈ ಗುಣ ನನ್ನನ್ನು ಬಿಡುವುದಿಲ್ಲ. ಈಗ ಅದು ನಿಮ್ಮ ಕಡೆಗೂ ತಿರುಗಿದೆ. ನೀವು ಲಕ್ಷಗಟ್ಟಲೆ ಜನ ಈ ಭಾಷೆ ಓದಬಲ್ಲಿರಂತೆ. ಒಬ್ಬರು ಬರೆದದ್ದನ್ನು ನೋಡಲು ಪಕ್ಕದ ಕುರ್ಚಿಯಲ್ಲೇ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಅಂಥ ಸಿರಿಯನ್ನು ನೆನೆದರೆ ನನಗೆ ಅನ್ನ ಸೇರುವುದಿಲ್ಲ. ಹೊಸದು ತೆರೆಯಿತೆಂದು ಕಣ್ಣಾರೆ ಕಂಡ ಮೇಲೆಯೇ ಹಳೆಯದನ್ನು ಬಿಡಿ. ಬರೆದ ಸಾಲನ್ನು ನಿಮಗೆ ಆಗದವರ ಮುಂದೆಯೇ ಇಡಿ. ತಪ್ಪು ಮೊದಲು ಕಾಣುವುದು ಅವರಿಗೇ. ಅವರು ಬೆರಳಿಟ್ಟಲ್ಲಿ ಉರಿಯುತ್ತದೆ. ಉರಿಯಲಿ, ಅಳಿಸಬೇಡಿ.

ಹರಿವುಮನೆಯಿಂದ,
ದಾನಮ್ಮ

ಓದಿ ತಿದ್ದಿದವಳು: ರೇವಾ