ಸಿಂಕಿನ ಕೆಳಗಿನ ತೂತು

ಮೂರನೆಯ ಮಹಡಿಯ ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಗಿದೆಯೇ? ಕೆಮ್ಮಿನ ಔಷಧಿಯನ್ನು ಮರೆತಂತೆ ನಟಿಸುತ್ತಿಲ್ಲ ತಾನೇ? 'ಅಮ್ಮ ಆರಾಮಾಗಿದ್ದಾಳೆ ಕಣೇ, ನನಗೇ ಅಡುಗೆ ಕಲಿಸ್ತಿದ್ದಾಳೆ' ಎಂದು ಅಕ್ಕ ಹೇಳಿದಳು. ಐವತ್ತು ದಾಟಿದ ಮೇಲಾದರೂ ಅವಳಿಗೆ ಅಡುಗೆ ಬರಲಿ. ಇಷ್ಟು ಉದ್ದದ ವಿಷಯವನ್ನು ನಿನಗೆ ಫೋನಿನಲ್ಲಿ ಹೇಳಲು ಹೊರಟರೆ ನಿನ್ನ ಕಿವಿಗೆ ಮುಟ್ಟುವ ಮೊದಲು ಇಡೀ ಕಟ್ಟಡಕ್ಕೆ ಮುಟ್ಟುತ್ತದೆ. ಅದಕ್ಕೇ ಈ ಕಾಗದ.

ಅಮ್ಮಾ, ನಮ್ಮ ಮನೆಯಲ್ಲಿ ಈಗ ಕೆಳಮನೆಯ ಸಿಗರೇಟಿನ ಹೊಗೆಯಿಲ್ಲ. ವಾಸನೆಯೂ ಇಲ್ಲ. ನಿನ್ನ ಹೊದಿಕೆಯನ್ನು ಒಗೆದು ಬೇಕೆಂದೇ ಅಡುಗೆಮನೆಯಲ್ಲಿ ಒಣಹಾಕಿದೆ. ಮಾರನೆಯ ದಿನ ಮೂಗಿಗೆ ಹಿಡಿದರೆ ಬರೀ ಸಾಬೂನು.

'ಸ್ವಲ್ಪ ದಿನ ಇದ್ದು ಬರ್ತೀನಿ' ಎಂದು ಅಕ್ಕನ ಮನೆಗೆ ಹೊರಟವಳು ನೀನು ಸ್ವೆಟರನ್ನೂ ಬೇಸಿಗೆಯ ತೆಳು ಬಟ್ಟೆಗಳನ್ನೂ ಒಂದೇ ಚೀಲಕ್ಕೆ ತುಂಬಿಕೊಂಡಿದ್ದೆ. ಅದನ್ನು ನೋಡಿಯೂ ನಾನೇ ಚೀಲದ ಜಿಪ್ ಎಳೆದುಕೊಟ್ಟೆ. ಈ ಮನೆಯ ಗಾಳಿ ನಿನಗೆ ಆಗದಿರುವಾಗ ಇರು ಎಂದು ಯಾವ ಬಾಯಿಂದ ಹೇಳಲಿ? ಗಾಳಿಯನ್ನು ಸರಿಮಾಡಿ ನಿನ್ನನ್ನು ಕರೆತರಬೇಕು ಎಂದು ಅವತ್ತೇ ಹಟ ಹಿಡಿದೆ. ಕಿಟಕಿಗಳ ಸಂದಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದೆ, ಮುಂಬಾಗಿಲಿನ ಅಡಿಗೆ ಟವೆಲ್ ತುರುಕಿದೆ, ಸಂಜೆಯಿಡೀ ಎಕ್ಸಾಸ್ಟ್ ಫ್ಯಾನ್ ಓಡಿಸಿದೆ. ಹೊಗೆ ಹೆಚ್ಚಾಯಿತು. ಕೆಳಮನೆಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ನಾನು ಕಿಟಕಿ ಬಾಗಿಲು ಮುಚ್ಚಿಕೊಂಡ ಸಿಟ್ಟಿಗೇ ಇನ್ನೊಂದು ಹಚ್ಚುತ್ತಿದ್ದಾರೆ ಎಂದುಕೊಂಡೆ. ಅವರ ಮನೆ, ಅವರ ಸಿಗರೇಟು, ಬೇಡ ಎನ್ನಲು ನಾನು ಯಾರು ಎಂದೂ ಅನ್ನಿಸುತ್ತಿತ್ತು. ಆಮೇಲೆ ನೀನು ಗೋಡೆ ಹಿಡಿದು ನಿಂತು ಕೆಮ್ಮುತ್ತಿದ್ದದ್ದು ನೆನಪಾಗುತ್ತಿತ್ತು. ಓನರ್‌ಗೆ ಹೇಳಿದರೆ 'ಅಕ್ಕಪಕ್ಕ ಅಂದ್ಮೇಲೆ ಹೊಂದ್ಕೊಂಡು ಹೋಗ್ಬೇಕಮ್ಮ. ಆಗ್ದಿದ್ರೆ ಬೇರೆ ಮನೆ ನೋಡ್ಕೊಳಿ' ಎಂಬ ಉತ್ತರ.

ದಾರಿ ಹೊಳೆದದ್ದು ಕನ್ನಡಕದ ಅಂಗಡಿಯಲ್ಲಿ, ಕೆಲಸದ ನಡುವೆ. ಒಬ್ಬರ ಕಣ್ಣಿನ ಪವರ್ ನೋಡುವಾಗ ನಾನು ಒಂದು ಸಲಕ್ಕೆ ಒಂದೇ ಗಾಜು ಬದಲಿಸಿ 'ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?' ಎಂದು ಕೇಳುತ್ತೇನೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮನೆಯಲ್ಲಿ ನಾನು ಎಲ್ಲವನ್ನೂ ಒಟ್ಟಿಗೇ ಬದಲಿಸಿದ್ದೆ. ಅಂದು ಸಂಜೆ ಒಂದೊಂದಾಗಿ ತೆಗೆಯುತ್ತಾ ಬಂದೆ. ಟವೆಲ್ ತೆಗೆದೆ, ವ್ಯತ್ಯಾಸವಿಲ್ಲ. ಫ್ಯಾನ್ ನಿಲ್ಲಿಸಿದೆ, ವಾಸನೆ ಇಳಿಯಿತು. ಮತ್ತೆ ಹಾಕಿದೆ, ಬಂತು. ವಾಸನೆ ಹಿಡಿದು ಹೋದ ದಾರಿ ಸಿಂಕಿನ ಕೆಳಗಿನ ಕಪಾಟಿಗೆ ತಲುಪಿತು. ಡಬ್ಬಗಳನ್ನು ಸರಿಸಿ ನೋಡಿದರೆ, ಪೈಪು ನೆಲಕ್ಕೆ ಇಳಿಯುವಲ್ಲಿ ಅಂಗೈಯಗಲದ ತೂತು. ಗಾಜು ಒರೆಸುವ ತೆಳು ಕಾಗದವನ್ನು ಅದರ ಮೇಲೆ ಹಿಡಿದೆ. ಅದು ಗಾಳಿಪಟದ ಹಾಗೆ ಮೇಲಕ್ಕೆದ್ದಿತು. ಹೊರಗಿನ ಗಾಳಿಗೆ ಬೇರೆಲ್ಲ ದಾರಿ ಮುಚ್ಚಿ, ಫ್ಯಾನ್ ಹಾಕಿ, ಮೇಷ್ಟ್ರ ಹೊಗೆಯನ್ನು ಮನೆಗೆ ಎಳೆದುಕೊಳ್ಳುತ್ತಿದ್ದವಳು ನಾನೇ. ನೀನು ಕೆಮ್ಮಿದಾಗಲೆಲ್ಲ ಓಡಿಹೋಗಿ ಅದೇ ಸ್ವಿಚ್ ಒತ್ತುತ್ತಿದ್ದೆನಲ್ಲ ಅಮ್ಮಾ. ಇರಲಿ, ಅದನ್ನೇ ನೆನೆಯುತ್ತಾ ಕೂರುವ ದಿನವಲ್ಲ ಇದು.

ಕೆಳಗೆ ಹೋಗಿ ಹೇಳಿದರೆ ಮೇಷ್ಟ್ರು ಮೊದಲು ಒಪ್ಪಲಿಲ್ಲ. 'ದಿನಾ ಹೊಸಬರ ಪಕ್ಕ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ ಮೇಡಂ. ಮನೆಗೆ ಬಂದು ಒಂದು ಎಳೆದ್ರೇನೇ ಉಸಿರು ಬರೋದು. ಅದೂ ನಮ್ಮನೆ ಸಿಂಕಿನ ಮುಂದೆ ನಿಂತು ಎಳೀತೀನಿ. ನಿಮ್ಮನೆಗೆ ಹೇಗೆ ಬರುತ್ತೆ?' ಎಂದರು. ಬಂದು ನೋಡಿ ಎಂದೆ. ಉರಿಯುವ ಸಿಗರೇಟನ್ನು ಸಿಂಕಿನ ಪಕ್ಕ ಇಟ್ಟು, ಹೆಂಡತಿಯನ್ನು ಕಾವಲಿಗೆ ನಿಲ್ಲಿಸಿ ಮೇಲೆ ಬಂದರು. ಫ್ಯಾನ್ ಹಾಕಿದೆ. ಅಷ್ಟು ದೊಡ್ಡ ಮನುಷ್ಯ ಮಂಡಿಯೂರಿ ಕಪಾಟಿಗೆ ತಲೆ ತೂರಿಸಿ, ಎರಡು ಸಲ ಮೂಸಿ, 'ಥೂ, ನನ್ನದೇ' ಎಂದರು. ಅಷ್ಟರಲ್ಲಿ ತೂತಿನೊಳಗಿಂದ ಅವರ ಹೆಂಡತಿಯ ಧ್ವನಿ: 'ಬಂತಾ?' ನಾನು ಬಂತು ಎಂದೆ. ಆಕೆ, 'ಅಂದ್ರೆ ಇಷ್ಟು ದಿನ ನಾನು ಇವರಿಗೆ ಬೈದದ್ದೂ ಬರ್ತಿತ್ತಾ?' ಎಂದು ಕೇಳಿದರು. ಇಲ್ಲ, ಹೊಗೆ ಮಾತ್ರ ಎಂದೆ. ನೀನಿದ್ದಾಗ ನಾವಿಬ್ಬರೂ ಆ ಬೈಗುಳ ಕೇಳಿಸಿಕೊಂಡು ನಕ್ಕದ್ದನ್ನು ನೀನೂ ಹೇಳಬೇಡ.

ಆ ಧೈರ್ಯದಲ್ಲೇ ಓನರ್‌ಗೆ ಮತ್ತೆ ಫೋನ್ ಮಾಡಿದೆ. ಮತ್ತೆ ಅದೇ 'ಹೊಂದ್ಕೊಂಡು ಹೋಗಿ' ಎಂಬ ಮಾತು. 'ಸರ್, ನೆರೆಯವರ ಜೊತೆ ಹೊಂದಿಕೊಂಡಾಯಿತು. ನಿಮ್ಮ ನೆಲದಲ್ಲಿರೋ ತೂತಿನ ಜೊತೆ ಹೊಂದಿಕೊಳ್ಳೋದು ಹೇಗೆ ಅಂತ ನೀವೇ ಬಂದು ತೋರಿಸಿ' ಎಂದೆ. ಪಕ್ಕದಲ್ಲಿದ್ದ ಮೇಷ್ಟ್ರು ಫೋನ್ ಕಿತ್ತುಕೊಂಡು, 'ಇವರ ತೂತು ನಮ್ಮ ಸೂರಿನಲ್ಲೂ ಇದೆ, ಎರಡನ್ನೂ ಮುಚ್ಚಿಸಿ' ಎಂದು ಗದರಿದರು. ಮಾರನೆಯ ದಿನವೇ ಗಾರೆಯವನು ಬಂದ. ಈಗ ಫ್ಯಾನ್ ಹಾಕಿದರೂ ಕಾಗದ ಅಲುಗುವುದಿಲ್ಲ. ಮೇಷ್ಟ್ರಂತೂ ಸೇದಬೇಕೆಂದರೆ ಗೇಟಿನಾಚೆ ಹೋಗುತ್ತಾರೆ. ನಾನು ಕೇಳಿದ್ದಲ್ಲ, ಅವರ ಹೆಂಡತಿಯ ಅಪ್ಪಣೆ. ಪಾಪ ಎನಿಸುತ್ತದೆ. ಆದರೂ ಕಿಟಕಿಯಿಂದ ನೋಡುವಾಗ, ಸುಳ್ಳೇಕೆ, ಗೆದ್ದವಳ ಹಾಗೆ ಎದೆಯುಬ್ಬುತ್ತದೆ.

ಅಕ್ಕ ಭಾವನಿಗೆ ನನ್ನ ನೆನಪು ಹೇಳು. ನಿನ್ನ ಕಾಲಿಗೆ ಬೀಳುತ್ತೇನೆ, ಗೆದ್ದದ್ದಕ್ಕಾದರೂ ಬೆನ್ನು ತಟ್ಟು.

ನಿನ್ನ
ಚಿಕ್ಕವಳು

ಮರೆತಿದ್ದೆ: 'ನನ್ನ ಕೆಮ್ಮಿನಿಂದ ಅವಳ ನಿದ್ದೆ ಹಾಳು, ಇಲ್ಲೇ ಇದ್ದುಬಿಡ್ತೀನಿ' ಎಂದೆಯಂತೆ. ಅಕ್ಕ ಬಾಯಿಬಿಟ್ಟಳು, ಅವಳಿಗೆ ಬೈಯಬೇಡ. ಅಮ್ಮಾ, ನೀನು ಹೋದ ಮೇಲೆ ನಾನು ಸರಿಯಾಗಿ ನಿದ್ದೆಯನ್ನೇ ಮಾಡಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಿಂತಿರುಗುವಾಗಿನ ಟಿಕೆಟ್ ಇಬ್ಬರಿಗೆ ತೆಗೆದಾಗಿದೆ.