ನಲವತ್ತು ಕೆಟಲ್‌ಗಳಿಗೆ ಬಾಲ

ಮಾರ್ಚ್ ೧೨, ಗುರುವಾರ

ಕೈ, ಕಾಲು, ಬೆನ್ನುಳ್ಳ ಸಮಸ್ತ ಕುರ್ಚಿಗಳೇ, ಹೊಟ್ಟೆ ಹೊತ್ತ ಮಹಾಮಹಿಮ ಕೆಟಲ್‌ಗಳೇ, ಈ ಪಾಪಿಯ ಬಿನ್ನಹವನ್ನು ಲಾಲಿಸಿರಿ!

ಕಂಪ್ಯೂಟರಿನಲ್ಲಿ ತಿರುಗುವ ನಿಮ್ಮ ಆಕಾರಗಳಿಗೆ ಇದು ಮುಚ್ಚಳ, ಇದು ಮೂತಿ, ಇದು ಹಿಡಿಕೆ ಎಂದು ಬಣ್ಣ ಬಳಿದು ಭಾಗ ಮಾಡುವುದು ನಮ್ಮ ಕೆಲಸ. ಅದನ್ನು ನೋಡಿ ಯಂತ್ರದ ಕೈ ಎಲ್ಲಿ ಹಿಡಿಯಬೇಕೆಂದು ಕಲಿಯುತ್ತದೆ. ನಿನ್ನೆ ಪಕ್ಕದ ಸೀಟಿನ ಅಕ್ಕ ಊಟಕ್ಕೆ ಎದ್ದಾಗ, ಅವಳ ನಲವತ್ತು ಕೆಟಲ್‌ಗಳ ಹಿಡಿಕೆಗೆ ಬೆಕ್ಕು ನಾಯಿಗಳಿಗೆಂದು ಇಟ್ಟ ‘ಬಾಲ’ದ ಬಣ್ಣ ಬಳಿದೆ. ಬಂದು ನೋಡಿ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡದೆ ತಪಾಸಣೆಗೆ ಕಳಿಸಿಬಿಟ್ಟಳು.

ಇವತ್ತು ಮೇಲ್ವಿಚಾರಕರು ಎಲ್ಲರೆದುರು, "ಏನಮ್ಮಾ, ಕೆಟಲ್ ಏನು ಕೋತಿನಾ? ಇನ್ನೊಂದು ತಪ್ಪು ಸಿಕ್ಕಿದ್ರೆ ನೀವು ಬರೋದೇ ಬೇಡ" ಅಂದರು.

"ಕಣ್ಣು ಮಂಜಾಗ್ತಿದೆ ಸಾರ್, ನಂದೇ ತಪ್ಪು" ಅಂದಳು ಅಕ್ಕ. ನಾನು ನನ್ನ ಪರದೆಯ ಕುರ್ಚಿಯೊಂದರ ಕಾಲಿಗೆ ಬಣ್ಣ ಬಳಿಯುತ್ತಾ ಕೂತೆ.

ಸಂಜೆ ಪಕ್ಕ ಕೂತು ಅರ್ಧ ಕೆಟಲ್‌ಗಳನ್ನು ನಾನೇ ತಿದ್ದಿಕೊಟ್ಟೆ. "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ, ತಮ್ಮಾ!" ಅಂದಳು. ಆ ‘ತಮ್ಮಾ’ ಇನ್ನೂ ಚುಚ್ಚುತ್ತಿದೆ. ನಾಳೆ ಹೋದವನೇ ಎಲ್ಲ ಹೇಳಿಬಿಡುತ್ತೇನೆ. ಹೇಳಲೇಬೇಕು, ಏಕೆಂದರೆ...

ಏಕೆಂದರೆ ಒಂದೇ ಒಂದು ಕೆಟಲಿನ ಬಾಲವನ್ನು ಮಾತ್ರ ಅಳಿಸಲು ನನಗೆ ಮನಸ್ಸು ಬರಲಿಲ್ಲ, ಹಾಗೇ ಕಳಿಸಿಬಿಟ್ಟೆ. ಅಷ್ಟು ಒಪ್ಪುತ್ತಿತ್ತು.