ಹನ್ನೆರಡನೆಯ ಜಾಗ

ನವೆಂಬರ್ 3, ಭಾನುವಾರ. ಬೆಳಿಗ್ಗೆ 10

ಈಗ ಬಂದೆ. ತಿಂಗಳ ಮೊದಲ ಭಾನುವಾರ, ವಾಟರ್ ವರ್ಕ್ಸ್ ಹಿಂದಿನ ಹೊಂಡದಲ್ಲಿ ಹಕ್ಕಿ ಎಣಿಕೆ. ಎಂದಿನಂತೆ ಭಾವ ಹೇಳಿದರು, ನಾನು ಬರೆದೆ. ಗೇಟಿನವನದು ಅದೇ ಹಳೆಯ ಜೋಕು — "ಏನ್ ಸಾರ್, ಎಲ್ಲರೂ ಹಾಜರಾ?" ಭಾವನದೂ ಅದೇ ಉತ್ತರ — "ಒಬ್ರು ರಜಾ ಚೀಟಿ ಕಳಿಸಿದಾರೆ ಕಣಪ್ಪ."

"ಮಿಂಚುಳ್ಳಿ ಒಂದು. ಟಿಟ್ಟಿಭ ನಾಲ್ಕು... ತಡಿ, ಐದು. ಐದನೇದು ಬೇಲಿ ಆಚೆ." ಬೇಲಿಯಾಚೆ! ಆಯುಷ್ಯವೆಲ್ಲ ಗಡಿಯಾರ ರಿಪೇರಿ ಮಾಡಿದವರು. ಇಷ್ಟು ಸೂಕ್ಷ್ಮ ಅಂಥವರಿಗೆ ಮಾತ್ರ ಸಾಧ್ಯ.

ಅವರದೊಂದು ಕಾಯಿದೆ ಇದೆ. ಬರೆಯುವವನು ತಲೆ ಎತ್ತಬಾರದು, ಎತ್ತಿದರೆ ಸಾಲು ತಪ್ಪುತ್ತದೆ. ಹನ್ನೊಂದು ವರ್ಷದಿಂದ ಎತ್ತಿಲ್ಲ. ನಾನು ಬಲ್ಲ ಹಕ್ಕಿಗಳೆಲ್ಲ ಅವರ ದನಿಯಲ್ಲೇ ಹುಟ್ಟಿ ನನ್ನ ಕಾಗದದ ಮೇಲೆ ಕೂತವು. ದೂರು ಇಲ್ಲ. ವಾರವೆಲ್ಲ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನು, ತಲೆ ತಗ್ಗಿಸಿಯೇ ಅಭ್ಯಾಸ.

ವಾಪಸು ಬರುವಾಗ ಮೆಟ್ಟಿಲ ಮೇಲೆ ನನ್ನ ಹೆಗಲಿಗೆ ಕೈ. ಈಚೀಚೆಗೆ ಪ್ರೀತಿ ಜಾಸ್ತಿಯಾಗಿದೆ.

ನವೆಂಬರ್ 14, ಗುರುವಾರ

ಎಣಿಕೆ ನಡೆಸುವ ಹಕ್ಕಿ ಸಂಘದ ಪುಸ್ತಿಕೆ ಪ್ರೂಫಿಗೆ ಬಂದಿದೆ. 'ಊರಿನ ಒಳಗೂ ಹೊರಗೂ ಹಕ್ಕಿ ನೋಡುವ ಜಾಗಗಳು', ಹೊಸ ಮುದ್ರಣ. ಸ್ಮಶಾನದ ಹಳೆಯ ಮರಗಳು, ಗೂಬೆಗೆ. ಕಸದ ಗುಡ್ಡ, ಹದ್ದಿಗೆ. ರೈಲ್ವೆ ಯಾರ್ಡು, ಆಸ್ಪತ್ರೆಯ ಹಿಂದಿನ ಹಾಳು ತೋಟ... ಊರು ಮುಖ ತಿರುಗಿಸಿದ ಕಡೆಯೆಲ್ಲ ಹಕ್ಕಿ. ಅರ್ಧಕ್ಕರ್ಧ ಭಾವ ಸೈಕಲ್ ತುಳಿದು ಕಂಡುಹಿಡಿದವು.

ಹಿಂದಿನ ಮುದ್ರಣದಲ್ಲಿ ಹನ್ನೆರಡಿದ್ದವು. ಇದರಲ್ಲಿ ಹನ್ನೊಂದು. ಸಾಲು ಬಿಟ್ಟುಹೋಯಿತೇನೋ ಎಂದು ಕಾರ್ಯದರ್ಶಿ ಮೇಡಂಗೆ ಫೋನು ಮಾಡಿದೆ.

"ಬಿಟ್ಟಿಲ್ಲ ರೀ, ತೆಗೆದಿದೀವಿ. ನಿಮ್ಮ ಹೊಂಡದಲ್ಲಿ ಈಗೇನಿದೆ? ಚಮಚಕೊಕ್ಕು ಅರವತ್ನಾಲ್ಕು ಇತ್ತು, ಆಮೇಲೆ ನಲವತ್ತೊಂದು, ಹನ್ನೆರಡು, ಈಗ ಸೊನ್ನೆ. ನೀವೇ ಬರೆದಿರೋದು."

ನಾನೇ ಬರೆದಿರುವುದು.

ಹೊಂಡ ಮುಚ್ಚಿ ಲಾರಿ ನಿಲ್ಲಿಸಲು ಜಾಗ ಮಾಡಬೇಕೆಂದು ವಾಟರ್ ವರ್ಕ್ಸ್‌ನವರು ಕೇಳುತ್ತಲೇ ಇದ್ದರಂತೆ. ಪುಸ್ತಿಕೆಯಲ್ಲಿ ಹೆಸರಿದೆ ಎಂದೇ ಇಷ್ಟು ದಿನ ತಡೆದಿದ್ದಂತೆ.

ನವೆಂಬರ್ 15

ಹಳೆಯ ಹಾಳೆಗಳ ನಕಲು ತೆಗೆದು ಟೇಬಲ್ಲಿನ ತುಂಬ ಹರಡಿದೆ. ಕಡಿಮೆಯಾದವು — ಚಮಚಕೊಕ್ಕು, ನೀರುಕಾಗೆ, ಬೆಳ್ಳಕ್ಕಿ. ಕಡಿಮೆಯಾಗದವು — ಟಿಟ್ಟಿಭ, ಮಿಂಚುಳ್ಳಿ, ಗೊರವ. ಎರಡು ಸಲ ನೋಡಿದೆ. ಕೂಗುವ ಹಕ್ಕಿ ಒಂದೂ ಕಡಿಮೆಯಾಗಿಲ್ಲ. ಬಾಯಿ ಬಿಡದವು ಮಾತ್ರ ನಾಲ್ಕು ವರ್ಷದಿಂದ ಕರಗುತ್ತ ಬಂದಿವೆ.

ಒಂದೇ ಬಗೆಯ ತಪ್ಪು ಪುಟ ಪುಟಕ್ಕೂ ಬಂದರೆ ಅಚ್ಚಿನ ಮೊಳೆ ಜೋಡಿಸಿದವನ ಕಣ್ಣು ನೋಡು ಎನ್ನುತ್ತಿದ್ದರು ನಮ್ಮ ಹಳೆಯ ಫೋರ್‌ಮನ್.

ಹೆಗಲ ಮೇಲಿನ ಕೈ.

ನವೆಂಬರ್ 17, ಭಾನುವಾರ

ಒಬ್ಬನೇ ಹೋದೆ. ಕಾಗದ ಒಯ್ಯಲಿಲ್ಲ. ತಲೆ ಎತ್ತಿದೆ.

ಇದ್ದವು. ಐವತ್ತೆಂಟು. ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಡೆಯುತ್ತ, ಕೊಕ್ಕನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ — ನೆಲ ಒರೆಸುವವರ ಹಾಗೆ. ಅಷ್ಟು ಬಿಳಿ, ಅಷ್ಟು ಮೌನ. ಇದನ್ನು ಬೆನ್ನು ಬಗ್ಗಿಸಿಕೊಂಡು ಹನ್ನೊಂದು ವರ್ಷ ಕಳೆದುಕೊಂಡಿದ್ದೇನೆ.

ಆಮೇಲೆ ಕಣ್ಣು ಮುಚ್ಚಿ ಕೂತೆ, ಬರೀ ಕಿವಿ ನಂಬಿ, ಭಾವನ ಹಾಗೆ. ಅರ್ಧ ಗಂಟೆಯಲ್ಲಿ ನನಗೆ ಸಿಕ್ಕಿದ್ದು ಎರಡು ಜಾತಿ, ಒಂದು ಲಾರಿ. ಅವರು ಹೀಗೇ ಕೂತು ಇಪ್ಪತ್ತಾರು ಜಾತಿ ಹೇಳುತ್ತಾರೆ. ಎಷ್ಟು, ಯಾವ ಮೂಲೆಯಲ್ಲಿ ಎಂಬುದನ್ನೂ. ಕಾಣದ್ದನ್ನು ಅಂದಾಜಿನ ಮೇಲೆ ಸೇರಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಒಂದನ್ನೂ ಸೇರಿಸಿಲ್ಲ. ಆ ಪ್ರಾಮಾಣಿಕತೆಯೇ ಹೊಂಡಕ್ಕೆ ಮುಳುವಾಗಿದೆ.

ನವೆಂಬರ್ 24

ಅಕ್ಕನ ಮನೆ. ಭಾವ ಸ್ನಾನಕ್ಕೆ ಹೋಗಿದ್ದರು. ಅಕ್ಕ ಅವರ ಲೋಟವನ್ನು ಮೇಜಿನ ಬಲ ಮೂಲೆಯಲ್ಲೇ ಇಟ್ಟಳು, ಅಳೆದ ಹಾಗೆ.

"ಅಕ್ಕಾ, ಭಾವನ ಕಣ್ಣು..."

"ಈಗ ಗೊತ್ತಾಯ್ತಾ? ಪಕ್ಕದಲ್ಲೇ ಕೂತು ಅದೇನ್ ಬರೀತಿದ್ಯೋ ಪೆದ್ದಾ!"

"ಹೇಳಲೇಬೇಕು. ಇಲ್ಲದಿದ್ರೆ ಹೊಂಡ ಮುಚ್ತಾರೆ."

ಬಹಳ ಹೊತ್ತು ಮೇಜು ಒರೆಸಿದಳು. ಒರೆಸುವಂಥದ್ದು ಏನೂ ಇರಲಿಲ್ಲ. "ತಿಂಗಳಿಗೊಂದು ದಿನ ತಾವಾಗೇ ಎದ್ದು ಶೇವ್ ಮಾಡ್ಕೊಂಡು ರೆಡಿ ಆಗ್ತಾರೆ ಕಣೋ. ಅದೊಂದಿನ. ಅದನ್ನೂ ಕಿತ್ಕೋಬೇಡ."

ಭಾವ ಗೋಡೆ ಸವರುತ್ತ ಬಂದು, ನೇರ ಲೋಟಕ್ಕೆ ಕೈ ಹಾಕಿ, "ಅಕ್ಕ ತಮ್ಮ ಏನ್ ಮಸಲತ್ತು?" ಎಂದರು.

ಕಾಫಿ ಕುಡಿದು ಎದ್ದು ಬಂದೆ.

ಡಿಸೆಂಬರ್ 1, ಭಾನುವಾರ

ಇದನ್ನು ಇದ್ದಂತೆಯೇ ಬರೆದಿಡಬೇಕು.

ಭಾವ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಎದುರಿಗೆ ಚಮಚಕೊಕ್ಕುಗಳ ಸಾಲು ಹಾದುಹೋಯಿತು. ಭಾವ ಸುಮ್ಮನೆ ಮುಂದಿನ ಹಕ್ಕಿಗೆ ಹೋದರು. ನನ್ನ ಕೈ ಹೋಗಲಿಲ್ಲ.

"ಪೆನ್ನಿನ ಸದ್ದು ನಿಂತಿದೆಯಲ್ಲೋ. ತಲೆ ಎತ್ತಿದೀಯ?"

"ಹೂಂ ಭಾವ."

"ಏನಿದೆ ಅಲ್ಲಿ?"

"ಚಮಚಕೊಕ್ಕು. ನಲವತ್ತರ ಮೇಲೆ."

ತುಟಿ ಅದುರಿತು. ನಾಚಿಕೆ ಎಂದುಕೊಂಡೆ. ಅಲ್ಲ, ನಗುತ್ತಿದ್ದರು. "ಹೋಗಿಬಿಟ್ವು ಅಂದ್ಕೊಂಡಿದ್ದೆ ಮಾರಾಯ. ನಾಲ್ಕು ವರ್ಷದಿಂದ. ನಿನ್ನ ಕೇಳೋಣ ಅಂದ್ರೆ ಗುಟ್ಟು ರಟ್ಟಾಗತ್ತೆ."

ಪುಸ್ತಿಕೆಯ ವಿಷಯ ಹೇಳಿದೆ. ನಗು ನಿಂತಿತು. ಹಾಳೆಯ ಕೊನೆಯಲ್ಲಿ 'ವಿಶೇಷ ಸೂಚನೆ' ಎಂಬ ಜಾಗವಿದೆ, ಹನ್ನೊಂದು ವರ್ಷದಿಂದ ಖಾಲಿ. ಬರಿ ಎಂದರು. ಬರೆದೆ: "ನಾಲ್ಕು ವರ್ಷಗಳಿಂದ ಕಡಿಮೆಯಾದದ್ದು ಹಕ್ಕಿಗಳಲ್ಲ, ಎಣಿಸುವವನ ದೃಷ್ಟಿ." ರುಜು ಎಲ್ಲಿ ಎಂದು ಕೇಳಿದರು. ಬೆರಳು ಹಿಡಿದು ಜಾಗ ತೋರಿಸಿದೆ.

ಗೇಟಿನ ಹತ್ತಿರ — "ಸಾರ್, ಎಲ್ಲರೂ ಹಾಜರಾ?"

"ಹಾಜರಪ್ಪ. ರಜಾದಲ್ಲಿ ಇದ್ದಿದ್ದು ನಾನು."

ಡಿಸೆಂಬರ್ 19

ಮೇಡಂ ಫೋನು. ಸೂಚನೆ ಓದಿದರಂತೆ. ಪ್ರಿಂಟು ನಿಲ್ಲಿಸಿದ್ದಾರೆ. ಒಬ್ಬರ ಮಾತಿನ ಮೇಲೆ ಸೇರಿಸಲಾಗದು, ಜನವರಿ ಎಣಿಕೆಗೆ ತಾವೇ ಬಂದು ಕಣ್ಣಾರೆ ನೋಡುತ್ತಾರೆ. ಕಂಡರೆ ಹನ್ನೆರಡು, ಇಲ್ಲದಿದ್ದರೆ ಹನ್ನೊಂದು.

ಜನವರಿ 5, ಭಾನುವಾರ. ಬೆಳಿಗ್ಗೆ 7.10, ಹೊಂಡದ ಕಟ್ಟೆ

ಮಂಜು. ಒಂದು ಮಾರು ದೂರ ಏನೂ ಕಾಣದು. ಕಾಯುವುದಷ್ಟೇ ಕೆಲಸ, ಆದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ.

ಹೊಸ ಏರ್ಪಾಡು. ಕೂಗುವವು ಭಾವನ ಪಾಲು, ಕೂಗದವು ನನ್ನ ಪಾಲು. ಹಾಳೆ ಅಕ್ಕನ ಕೈಯಲ್ಲಿ. ಭಾವನ ಗಲ್ಲದಲ್ಲಿ ಬ್ಲೇಡಿನ ಗಾಯ, ಮೇಲೆ ಕಾಗದದ ಚೂರು. ಆಗಲೇ ಹದಿನೇಳು ಜಾತಿ ಹೇಳಿಯಾಯಿತು. ಅಕ್ಕ ಮಾತುಮಾತಿಗೆ ತಲೆ ಎತ್ತುತ್ತಾಳೆ, ಬೈಸಿಕೊಳ್ಳುತ್ತಾಳೆ, "ನೀವ್ ಸುಮ್ನಿರಿ" ಎಂದು ತಿರುಗಿ ಬೈಯುತ್ತಾಳೆ.

ಮೇಡಂ ಎರಡು ಸಲ ವಾಚು ನೋಡಿದರು. ಒಂಬತ್ತಕ್ಕೆ ಇನ್ನೆಲ್ಲೋ ಹೋಗಬೇಕಂತೆ. ದುರ್ಬೀನು ಒರೆಸಿ ಒರೆಸಿ, "ಏನೂ ಕಾಣ್ತಿಲ್ಲವಲ್ಲ" ಎಂದರು.

"ಹಾಗಾದ್ರೆ ಈಗ ನಾವಿಬ್ರೂ ಒಂದೇ ಮೇಡಂ," ಎಂದರು ಭಾವ.

7.25

ಭಾವ ಕೈ ಎತ್ತಿದ್ದಾರೆ. ಅಕ್ಕನೂ ಸುಮ್ಮನಾದಳು. "ನೀರು ಕೇಳಿ. ಒರೆಸೋ ಸದ್ದು. ಎಡಕ್ಕೆ, ಬಲಕ್ಕೆ... ಬಹಳ ಇವೆ. ಇಷ್ಟು ವರ್ಷ ಇದೇ ಸದ್ದನ್ನ ಅಲೆ ಅಂದ್ಕೊಂಡಿದ್ನಲ್ಲೋ!"

ಮೇಡಂ ದುರ್ಬೀನು ಇಳಿಸಿ ಕಿವಿಗೊಟ್ಟಿದ್ದಾರೆ. ಎಡ ಮೂಲೆಯಲ್ಲಿ ಮಂಜು ತೆಳುವಾಗುತ್ತಿದೆ. ಅದರೊಳಗೆ ಇನ್ನೊಂದು ಬಿಳಿ, ಚಲಿಸುವ ಬಿಳಿ. ಎರಡು. ಐದು.

"ಬರೀಬೇಡ ಕಣೋ," ಎನ್ನುತ್ತಿದ್ದಾರೆ ಭಾವ, ಪೆನ್ನಿನ ಸದ್ದು ಕೇಳಿ, "ತಲೆ ಎತ್ತು, ಎಷ್ಟು ಹೇಳು—"